ಎಕ್ಸೆಲ್ ಹಾಳೆಯ ಇಲ್ಲದ ದಿನ

ಕಿರ್ದಿ ಖಾತೆಗಳನ್ನು ಬರೆದವರೆಲ್ಲರೂ ಒಂದು ಕಷ್ಟವನ್ನು ಬಲ್ಲರು. ಮೇಲಿನ ಸಾಲಿನಲ್ಲಿ ಒಂದು ಅಂಕಿ ತಪ್ಪಿದರೆ ಕೆಳಗಿನ ಮೊತ್ತಗಳನ್ನೆಲ್ಲ ಹೊಡೆದುಹಾಕಿ ಮರಳಿ ಕೂಡಬೇಕು. ಈ ಶ್ರಮವನ್ನು ನೀಗಬೇಕೆಂಬ ಆಲೋಚನೆ 1978ರಲ್ಲಿ ಅಮೆರಿಕದ ಹಾರ್ವರ್ಡ್ ವಾಣಿಜ್ಯ ವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಡಾನ್ ಬ್ರಿಕ್ಲಿನ್ ಅವರಿಗೆ ಹೊಳೆಯಿತು. ಬಾಬ್ ಫ್ರಾಂಕ್‌ಸ್ಟನ್ ಅವರೊಡಗೂಡಿ ಅವರು ರಚಿಸಿದ ವಿಸಿಕ್ಯಾಲ್ಕ್ ಎಂಬ ತಂತ್ರಾಂಶವು 1979ರಲ್ಲಿ ಆಪಲ್ 2 ಗಣಕಯಂತ್ರಕ್ಕಾಗಿ ಹೊರಬಂದಿತು. ಒಂದು ಅಂಕಿಯನ್ನು ತಿದ್ದಿದೊಡನೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವೇ ತಿದ್ದಿಕೊಳ್ಳುವ ಲೆಕ್ಕದ ಹಾಳೆ ಹೀಗೆ ಹುಟ್ಟಿತು.

1983ರಲ್ಲಿ ಐಬಿಎಂ ಗಣಕಗಳಿಗೆಂದು ಬಂದ ಲೋಟಸ್ 1-2-3 ವಿಸಿಕ್ಯಾಲ್ಕನ್ನು ಹಿಂದಕ್ಕೆ ತಳ್ಳಿತು. ಇಂತಹ ಹಾಳೆಗಳು ತಾರೀಖನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುವು. ಲೋಟಸಿನ ಎಣಿಕೆ 1900ರ ಜನವರಿ 1ರಿಂದ ಮೊದಲಾಗುತ್ತಿತ್ತು. ಶತಮಾನದ ವರ್ಷವು 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷವೆನಿಸುವುದು, 1900 ಅಂತಹುದಲ್ಲ. ಆದರೂ ಲೋಟಸ್ ಅದನ್ನು ಅಧಿಕ ವರ್ಷವೆಂದೇ ಗಣಿಸಿ, ಲೋಕದಲ್ಲಿ ಬೆಳಗಾಗದೆಯೇ ಹೋದ ಫೆಬ್ರವರಿ 29ನ್ನು ಲೆಕ್ಕಕ್ಕೆ ಸೇರಿಸಿಕೊಂಡಿತು.

ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 1985ರಲ್ಲಿ ಮ್ಯಾಕಿಂಟಾಷ್ ಗಣಕದ ಮೇಲೆ ಜನಿಸಿತು. ಅಲ್ಲಿ ಎಣಿಕೆಗೆ 1904 ಆದಿಯಾದುದರಿಂದ ಈ ತೊಡಕಿರಲಿಲ್ಲ. 1987ರಲ್ಲಿ ಅದು ವಿಂಡೋಸಿಗೆ ಬಂದಾಗ ಜನರ ಲೆಕ್ಕಗಳು ಲೋಟಸಿನ ಹಾಳೆಗಳಲ್ಲಿದ್ದುವು. ಪಂಚಾಂಗವನ್ನು ಸರಿಪಡಿಸಿದರೆ ಆ ಹಾಳೆಗಳ ತಾರೀಖುಗಳು ಒಂದು ದಿನದಷ್ಟು ಜರುಗಿಬಿಡುವುವು. ತಪ್ಪನ್ನು ಉಳಿಸಿಕೊಂಡರೆ ಕೆಡುವುದು 1900ರ ಮೊದಲೆರಡು ತಿಂಗಳುಗಳ ವಾರದ ಲೆಕ್ಕ ಮಾತ್ರ. ಶಾಸ್ತ್ರಕ್ಕಿಂತ ರೂಢಿ ಬಲವಾದುದೆಂಬ ಹಿರಿಯರ ಮಾತಿನಂತೆ ಎಕ್ಸೆಲ್ ತಿಳಿದೂ ತಪ್ಪನ್ನೇ ಅಂಗೀಕರಿಸಿತು. ಒಂದೇ ಅಂಕಿಯು ಈ ಎರಡು ಎಣಿಕೆಗಳಲ್ಲಿ 1,462 ದಿನಗಳ ಅಂತರವಿರುವ ತಾರೀಖುಗಳನ್ನು ಸೂಚಿಸುವುದಕ್ಕೆ ಕಾರಣವಿದೇ.

ರೂಢಿಯ ಬಲ ಎಲ್ಲೆಡೆಯಲ್ಲಿಯೂ ಇಷ್ಟು ನಿರಪಾಯವಾಗಿರಲಿಲ್ಲ. ಎಕ್ಸೆಲ್ 97ರಲ್ಲಿ ಹಾಳೆಯ ಸಾಲುಗಳು 16,384ರಿಂದ 65,536ಕ್ಕೆ ಏರಿದುವು. 2007ರ ಆವೃತ್ತಿಯಲ್ಲಿ 10,48,576 ಆದುವು. ಹೊಸ ಆವೃತ್ತಿಯು ಹಳೆಯ ನಮೂನೆಯ ಕಡತಗಳನ್ನೂ ತೆರೆಯುತ್ತಿದ್ದುದರಿಂದ ಅವು ಬಳಕೆಯಲ್ಲಿಯೇ ಉಳಿದುವು. 2020ರಲ್ಲಿ ಇಂಗ್ಲೆಂಡಿನ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಅಂತಹ ನಮೂನೆಗೆ ತುಂಬಿದಾಗ ಮಿತಿಯನ್ನು ಮೀರಿದ ಸಾಲುಗಳು ಬಿಟ್ಟುಹೋದುವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ದೈನಿಕ ವರದಿಗಳಿಂದ 15,841 ಸೋಂಕಿನ ಪ್ರಕರಣಗಳು ತಪ್ಪಿಹೋಗಿ, ಸೋಂಕಿತರೊಡನಿದ್ದವರಿಗೆ ಎಚ್ಚರಿಕೆ ತಲುಪುವುದು ತಡವಾಯಿತು.

ಹಳೆಯ ಲೆಕ್ಕವನ್ನು ಕೆಡಿಸಲಾರೆನೆಂಬುದು ಹೊಸ ಆವೃತ್ತಿಗೆ ಧರ್ಮವೇ ಸರಿ. ಆ ಧರ್ಮದ ಬೆಲೆಯನ್ನು ಅರಿತಿರುವುದು ಲೆಕ್ಕವಿಡುವವರ ಹೊಣೆ. ವಿಂಡೋಸಿನ ಎಕ್ಸೆಲ್ ಹಾಳೆಯಲ್ಲಿ 60 ಎಂದು ಬರೆದು ತಾರೀಖಿನ ರೂಪವನ್ನು ಕೇಳಿದರೆ, ಅದು ಇಂದಿಗೂ 1900ರ ಫೆಬ್ರವರಿ 29 ಎಂದೇ ಉತ್ತರಿಸುವುದು.