ಐದು ಮತಗಟ್ಟೆ ತಾಳೆ ನೋಡಿದ್ರೆ ಸಾಕಾ?

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಒಂದು ಅಗುಳು ಸಾಕು. ಯಾದೃಚ್ಛಿಕ ಮಾದರಿ, ಅಂದ್ರೆ ರ‍್ಯಾಂಡಮ್ ಸ್ಯಾಂಪ್ಲಿಂಗ್, ಮಾಡೋದೂ ಇದನ್ನೇ. ಆದರೆ ಅನ್ನದಲ್ಲಿ ಕಲ್ಲಿದೆಯಾ ಅನ್ನೋದನ್ನು ಒಂದು ಅಗುಳು ಹೇಳಲ್ಲ.

2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಇವಿಎಂ ಲೆಕ್ಕದ ಜೊತೆ ತಾಳೆ ನೋಡಬೇಕು ಎಂದಿತು. ಆ 5ನ್ನು ಯಾದೃಚ್ಛಿಕವಾಗಿಯೇ ಆರಿಸಬೇಕು.

ನಾನು ಲೆಕ್ಕ ಹಾಕಿದೆ. ಒಂದು ಕ್ಷೇತ್ರದ 200 ಮತಗಟ್ಟೆಗಳಲ್ಲಿ 4ರಲ್ಲಿ ದೋಷ ಇದೆ ಅಂದುಕೊಳ್ಳಿ. 5ನ್ನಷ್ಟೇ ನೋಡಿದರೆ ಒಂದೂ ಸಿಗದೇ ಹೋಗುವ ಸಾಧ್ಯತೆ ಸುಮಾರು ಶೇ 90. ಹತ್ತರಲ್ಲಿ ಒಂಬತ್ತು ಸಲ ಒಂದಾದರೂ ಸಿಗಬೇಕಂದ್ರೆ 87 ಮತಗಟ್ಟೆ ನೋಡಬೇಕು.

ಇವಿಎಂ ತಿರುಚಿದ್ದಾರೆ ಅಂತ ನಾನು ಹೇಳ್ತಿಲ್ಲ. ಮಾದರಿ ಎಷ್ಟು ದೊಡ್ಡದಿರಬೇಕು ಅನ್ನೋದು ನಾವು ಏನನ್ನು ಹುಡುಕ್ತಿದ್ದೀವಿ ಅನ್ನೋದರ ಮೇಲೆ ನಿಂತಿದೆ. ಗೆಲುವಿನ ಅಂತರ ಕಡಿಮೆ ಇದ್ದಾಗ ನಾಲ್ಕು ಮತಗಟ್ಟೆಯೂ ದೊಡ್ಡದೇ.