ಬೆಂಗಳೂರು ಎಫ್‌ಸಿ: ಚೊಚ್ಚಲ ಋತುವಿನಲ್ಲೇ ಚಾಂಪಿಯನ್ (2013–14)

ಭಾರತದ ವೃತ್ತಿಪರ ಫುಟ್‌ಬಾಲ್ ಇತಿಹಾಸದಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್‌ನ (ಬಿಎಫ್‌ಸಿ) 2013–14ರ ಋತುವಿಗೆ ವಿಶೇಷ ಸ್ಥಾನವಿದೆ. 2013ರ ಜುಲೈ 20ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಕ್ಲಬ್ ಒಂಬತ್ತು ತಿಂಗಳು ತುಂಬಿದ ಮರುದಿನವೇ, ಅಂದರೆ 2014ರ ಏಪ್ರಿಲ್ 21ರಂದು, ಅಂದಿನ ಅಗ್ರ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಪ್ರಶಸ್ತಿಯನ್ನು ಮುಡಿಗೇರಿಸಿಕೊಂಡಿತು. ಕರ್ನಾಟಕದ ಯಾವ ಕ್ಲಬ್ಬಿಗೂ ಅದುವರೆಗೆ ಈ ಗೌರವ ದಕ್ಕಿರಲಿಲ್ಲ. ಈ ಗೆಲುವು ಹೇಗೆ ಸಾಧ್ಯವಾಯಿತು, ಅದಕ್ಕೂ ಮುನ್ನ ರಾಜ್ಯದ ಫುಟ್‌ಬಾಲ್ ಯಾವ ಸ್ಥಿತಿಯಲ್ಲಿತ್ತು, ಆ ಬಳಿಕ ಏನಾಯಿತು ಎಂಬುದರ ವಿವರ ಇಲ್ಲಿದೆ.

ಋತು ಎಂದರೇನು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕ್ರೀಡಾಸಕ್ತರಿಗೆ ಒಂದೆರಡು ದಿನಗಳಲ್ಲಿ ಮುಗಿಯುವ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳು ಚಿರಪರಿಚಿತ. ಅಲ್ಲಿ ಒಮ್ಮೆ ಸೋತ ತಂಡ ಊರಿಗೆ ಮರಳುತ್ತದೆ. ಫುಟ್‌ಬಾಲ್ ಲೀಗ್‌ನ ಕ್ರಮ ಬೇರೆ. ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ವಿರುದ್ಧ ತಲಾ ಎರಡು ಬಾರಿ ಸೆಣಸುತ್ತದೆ. ಒಂದು ಪಂದ್ಯ ತವರಿನಲ್ಲಿ, ಇನ್ನೊಂದು ಎದುರಾಳಿಯ ಅಂಗಳದಲ್ಲಿ. ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು, ಸೋತರೆ ಸೊನ್ನೆ. ಹಲವು ತಿಂಗಳು ಸಾಗುವ ಈ ಲೆಕ್ಕಾಚಾರದ ಕೊನೆಯಲ್ಲಿ ಹೆಚ್ಚು ಪಾಯಿಂಟ್ ಗಳಿಸಿದ ತಂಡವೇ ಚಾಂಪಿಯನ್. ಪ್ರತ್ಯೇಕ ಫೈನಲ್ ಪಂದ್ಯ ಇರುವುದಿಲ್ಲ. ಒಂದು ಸಂಜೆಯ ಅದೃಷ್ಟಕ್ಕಿಂತ ಇಡೀ ವರ್ಷದ ಸಿದ್ಧತೆಗೆ ಇಲ್ಲಿ ಬೆಲೆ ಹೆಚ್ಚು.

2013–14ರ ಐ-ಲೀಗ್‌ನಲ್ಲಿ 13 ತಂಡಗಳಿದ್ದವು. ಕೋಲ್ಕತ್ತದಿಂದ ಈಸ್ಟ್ ಬೆಂಗಾಲ್, ಮೋಹನ್ ಬಾಗನ್, ಮೊಹಮಡನ್ ಸ್ಪೋರ್ಟಿಂಗ್ ಮತ್ತು ಯುನೈಟೆಡ್. ಗೋವಾದಿಂದ ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್ ಬ್ರದರ್ಸ್ ಮತ್ತು ಸ್ಪೋರ್ಟಿಂಗ್. ಮಹಾರಾಷ್ಟ್ರದಿಂದ ಪುಣೆ ಮತ್ತು ಮುಂಬೈ. ಶಿಲ್ಲಾಂಗ್‌ನಿಂದ ಲಜಾಂಗ್ ಮತ್ತು ರಂಗ್ದಾಜೀದ್ ಯುನೈಟೆಡ್. ಹದಿಮೂರನೆಯದು ಬೆಂಗಳೂರು. ಹೀಗಾಗಿ ಪ್ರತಿ ತಂಡಕ್ಕೆ 24 ಪಂದ್ಯಗಳು.

ಹಿನ್ನೆಲೆ

ಫುಟ್‌ಬಾಲ್ ಬೆಂಗಳೂರಿಗೆ ಹೊಸದೇನಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಆಟವಾಗಿ ಬೇರೂರಿದ ಕಾಲ್ಚೆಂಡು ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಶಿವಾಜಿನಗರ, ಗೌತಮಪುರದ ಗಲ್ಲಿಗಳಿಗೆ ಹಬ್ಬಿತು. ಬ್ರೆಜಿಲ್‌ನ ಪೆಲೆಯ ಪ್ರತಿಮೆಯನ್ನು ಗೌತಮಪುರದಲ್ಲಿ ಇಂದಿಗೂ ಕಾಣಬಹುದು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದು ಸೇನಾ ತಂಡಗಳ ಪಾರಮ್ಯ ಮುರಿಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಈ ನಗರದವರು. ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್, 1962ರ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕ ವಿಜೇತ ತಂಡದ ಅರುಮೈನಾಯಗಂ ಕೂಡ ಇಲ್ಲಿಯವರೇ. ಅಂತರ ರಾಜ್ಯ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದುಕೊಂಡಿತ್ತು.

ಆದರೆ ಪ್ರತಿಭೆ ಇಲ್ಲಿ ಹುಟ್ಟಿದರೂ ಹೆಸರು, ಹಣ ಎರಡೂ ಕೋಲ್ಕತ್ತದಲ್ಲಿದ್ದವು. ನಗರದಲ್ಲಿ ಉಳಿದವರಿಗೆ ಆಸರೆಯಾದದ್ದು ಎಚ್‌ಎಎಲ್, ಐಟಿಐಯಂಥ ಸಾರ್ವಜನಿಕ ಉದ್ಯಮಗಳು ಮತ್ತು ಎಎಸ್‌ಸಿ, ಎಂಇಜಿಯಂಥ ಸೇನಾ ತಂಡಗಳು. ಆಟಗಾರನಿಗೆ ಅಲ್ಲಿ ಕೆಲಸವೂ ಸಿಗುತ್ತಿತ್ತು. ಆಟ ನಿಂತ ಮೇಲೂ ಸಂಬಳ ಬರುತ್ತಿತ್ತು. ಐಟಿಐ ಮತ್ತು ಎಚ್‌ಎಎಲ್ ರಾಷ್ಟ್ರೀಯ ಲೀಗ್‌ನಲ್ಲಿಯೂ ಆಡಿದವು. ವಿದೇಶಿ ಆಟಗಾರರನ್ನೂ ದುಬಾರಿ ತಾರೆಗಳನ್ನೂ ಕರೆತರುತ್ತಿದ್ದ ಕ್ಲಬ್‌ಗಳೆದುರು ನೌಕರರ ತಂಡ ನಿಲ್ಲುವುದು ಕಷ್ಟವಾಯಿತು. 2011–12ರ ಕೊನೆಯಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಹಿಂಬಡ್ತಿ ಪಡೆದಾಗ ಅಗ್ರ ಶ್ರೇಣಿಯಲ್ಲಿ ಕರ್ನಾಟಕದ ತಂಡವೇ ಇಲ್ಲದಂತಾಯಿತು.

ತಂಡ ಕಟ್ಟಿದ ಬಗೆ

ಹೊಸ ನಗರಗಳಿಗೆ ಲೀಗ್ ವಿಸ್ತರಿಸಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2013ರಲ್ಲಿ ಉದ್ಯಮ ಸಂಸ್ಥೆಗಳಿಗೆ ನೇರ ಪ್ರವೇಶದ ಅವಕಾಶ ನೀಡಿತು. ಬೆಂಗಳೂರಿನ ತಂಡದ ಹಕ್ಕು ಜೆಎಸ್‌ಡಬ್ಲ್ಯು ಸಮೂಹದ ಪಾಲಾಯಿತು. ಕೆಳ ಹಂತದಿಂದ ಬಡ್ತಿ ಪಡೆಯದೆ ಹಣದ ಬಲದಿಂದ ಬಂದ ತಂಡ ಎಂಬ ಮಾತು ಇದರಿಂದ ಹುಟ್ಟಿತು. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಲೀಗ್‌ನಲ್ಲಿ ಹಣ ಹೂಡಿದ ತಂಡ ಇದೊಂದೇ ಆಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ನಗರದ ಇಂಗ್ಲಿಷ್ ಹೆಸರು ಅಧಿಕೃತವಾಗಿ ‘ಬೆಂಗಳೂರು’ ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಕ್ಲಬ್ ಅದಕ್ಕೂ ಒಂದು ವರ್ಷ ಮೊದಲೇ ಆ ಹೆಸರನ್ನು ತನ್ನದಾಗಿಸಿಕೊಂಡಿತ್ತು.

ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು, ಇಂಗ್ಲೆಂಡ್‌ನ ಕ್ಲಬ್‌ಗಳಲ್ಲಿ ಸಹಾಯಕ ತರಬೇತುದಾರರಾಗಿದ್ದ ಆಶ್ಲೆ ವೆಸ್ಟ್‌ವುಡ್ ಮುಖ್ಯ ತರಬೇತುದಾರರಾದರು. ನಾಯಕತ್ವ ರಾಷ್ಟ್ರೀಯ ತಂಡದ ನಾಯಕ ಸುನಿಲ್ ಚೆಟ್ರಿ ಅವರಿಗೆ ಒಲಿಯಿತು. ಹಿಂದಿನ ಋತುವಿನಲ್ಲಿ ಚರ್ಚಿಲ್ ಬ್ರದರ್ಸ್ ಪರ ಆಡಿ ಐ-ಲೀಗ್ ಗೆದ್ದಿದ್ದ ಚೆಟ್ರಿ ನೇರವಾಗಿ ಇಲ್ಲಿಗೆ ಬಂದಿದ್ದರು. ವಿದೇಶಿ ಆಟಗಾರರ ನಾಲ್ಕು ಸ್ಥಾನಗಳು ಇಂಗ್ಲೆಂಡ್‌ನ ಜಾನ್ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ, ಲೈಬೀರಿಯಾದ ಜಾನ್ ಮೆನ್ಯಾಂಗರ್ ಮತ್ತು ಆಸ್ಟ್ರೇಲಿಯಾದ ಶಾನ್ ರೂನಿ ಅವರಿಗೆ ಸಂದವು. ಜಾನ್ಸನ್ ಮತ್ತು ಒಸಾನೊ ರಕ್ಷಣಾ ವಿಭಾಗದ ಎರಡು ಕಂಬಗಳಾದರು. ಈಸ್ಟ್ ಬೆಂಗಾಲ್‌ನಿಂದ ರಾಬಿನ್ ಸಿಂಗ್ ಬಂದರು. ಗೋಲ್‌ಕೀಪರ್ ಪವನ್ ಕುಮಾರ್, ಕೇರಳದ ರಿನೊ ಆಂಟೊ, ಮಣಿಪುರದ ಥೋಯಿ ಸಿಂಗ್, ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಮುಂತಾದವರು ತಂಡದಲ್ಲಿದ್ದರು.

ಚೆಟ್ರಿ ಅವರನ್ನು ಬಿಟ್ಟರೆ ತಾರೆಗಳು ಹೆಚ್ಚಿರಲಿಲ್ಲ. ವೆಸ್ಟ್‌ವುಡ್ ಒತ್ತು ನೀಡಿದ್ದು ದೈಹಿಕ ಕ್ಷಮತೆ, ಆಹಾರದ ಶಿಸ್ತು ಮತ್ತು ಎದುರಾಳಿಗಳ ಆಟದ ವಿಶ್ಲೇಷಣೆಗೆ. ತಿಂಗಳುಗಟ್ಟಲೆ ಪ್ರಯಾಣ ಮಾಡಿ, ಒಂದು ವಾರ ಗೋವಾದ ಸೆಕೆಯಲ್ಲಿ, ಮತ್ತೊಂದು ವಾರ ಶಿಲ್ಲಾಂಗ್‌ನ ಚಳಿಯಲ್ಲಿ ಆಡಬೇಕಾದ ಲೀಗ್‌ನಲ್ಲಿ ಇದರ ಲಾಭ ದೊಡ್ಡದು.

ಲೀಗ್‌ನ ಹಾದಿ

2013ರ ಸೆಪ್ಟೆಂಬರ್ 22ರ ಭಾನುವಾರ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿ, 1889ರಲ್ಲಿ ಸ್ಥಾಪನೆಯಾದ ಮೋಹನ್ ಬಾಗನ್. ಕ್ಲಬ್‌ನ ಇತಿಹಾಸದ ಮೊದಲ ಗೋಲನ್ನು ರೂನಿ ಗಳಿಸಿದರು. ಪಂದ್ಯ 1–1ರಲ್ಲಿ ಡ್ರಾ ಆಯಿತು. ಎರಡು ತಿಂಗಳ ಹಸುಳೆ ಶತಮಾನ ದಾಟಿದ ಹಿರಿಯನೊಡನೆ ಸರಿಸಮನಾಗಿ ನಿಂತದ್ದು ಆರಂಭದಲ್ಲೇ ಆತ್ಮವಿಶ್ವಾಸ ತುಂಬಿತು.

ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿ ತೊಟ್ಟು ಪಂದ್ಯದುದ್ದಕ್ಕೂ ನಿಂತೇ ಹಾಡುತ್ತಿದ್ದ ಯುವಜನರ ಗುಂಪು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಾಯಿತು. ಉದ್ಯೋಗಕ್ಕಾಗಿ ನಗರಕ್ಕೆ ಬಂದವರೂ ದಂಡು ಪ್ರದೇಶದ ಹಳೆಯ ಅಭಿಮಾನಿಗಳೂ ಒಂದೇ ಕಡೆ ಕುಳಿತು ಒಂದೇ ತಂಡಕ್ಕಾಗಿ ಕೂಗಿದ್ದು ಈ ಋತುವಿನ ಇನ್ನೊಂದು ಸಾಧನೆ.

ಎಲ್ಲವೂ ಸುಗಮವಾಗಿತ್ತೆಂದಲ್ಲ. 2014ರ ಜನವರಿಯಲ್ಲಿ ಕೇರಳದಲ್ಲಿ ನಡೆದ ಫೆಡರೇಷನ್ ಕಪ್‌ನಲ್ಲಿ ತಂಡ ಗುಂಪು ಹಂತವನ್ನೂ ದಾಟಲಿಲ್ಲ. ಆ ಕಪ್ ಚರ್ಚಿಲ್ ಬ್ರದರ್ಸ್ ಪಾಲಾಯಿತು. ಲೀಗ್‌ನಲ್ಲಿಯೂ ಐದು ಸೋಲುಗಳಾದವು. ಆದರೆ ಸೋಲಿನ ಬೆನ್ನಿಗೇ ಪುಟಿದೇಳುವ ಗುಣ ತಂಡಕ್ಕಿತ್ತು.

ಪ್ರಶಸ್ತಿ ನಿರ್ಧಾರವಾದದ್ದು ಗೋವಾದ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ. ಎದುರಾಳಿ ಡೆಂಪೊ ಐದು ಬಾರಿಯ ರಾಷ್ಟ್ರೀಯ ಚಾಂಪಿಯನ್. ಬೆಂಗಳೂರು 4–2ರಿಂದ ಗೆದ್ದು, ಇನ್ನೂ ಒಂದು ಪಂದ್ಯ ಉಳಿದಿರುವಾಗಲೇ ಕಿರೀಟ ಧರಿಸಿತು.

ಅಂಕಿ ಅಂಶ

ಆಡಿದ ಪಂದ್ಯ 24, ಗೆಲುವು 14, ಡ್ರಾ 5, ಸೋಲು 5. ಗಳಿಸಿದ ಗೋಲು 42, ಬಿಟ್ಟುಕೊಟ್ಟದ್ದು 28. ಒಟ್ಟು 47 ಪಾಯಿಂಟ್. ಎರಡನೇ ಸ್ಥಾನ ಪಡೆದ ಈಸ್ಟ್ ಬೆಂಗಾಲ್‌ಗೆ 43 ಪಾಯಿಂಟ್. 14 ಗೋಲು ಬಾರಿಸಿದ ಚೆಟ್ರಿ ಲೀಗ್‌ನ ಅಗ್ರ ಗೋಲುಗಾರರ ಸಾಲಿನಲ್ಲಿದ್ದರು.

ಈ ಅಂಕಿಗಳನ್ನು ಹತ್ತಿರದಿಂದ ನೋಡಿದರೆ ಗೆಲುವಿನ ಗುಟ್ಟು ತಿಳಿಯುತ್ತದೆ. ಈಸ್ಟ್ ಬೆಂಗಾಲ್ ಕೂಡ ಸೋತದ್ದು ಐದೇ ಪಂದ್ಯ. ಅದು ಬಿಟ್ಟುಕೊಟ್ಟ ಗೋಲುಗಳೂ ಬೆಂಗಳೂರಿಗಿಂತ ಕಡಿಮೆ. ಆದರೆ ಅದು 12 ಪಂದ್ಯ ಗೆದ್ದು 7ರಲ್ಲಿ ಡ್ರಾ ಮಾಡಿಕೊಂಡಿತು. ಬೆಂಗಳೂರು 14 ಗೆದ್ದು 5ರಲ್ಲಿ ಡ್ರಾ ಮಾಡಿಕೊಂಡಿತು. ಎರಡು ಡ್ರಾಗಳನ್ನು ಗೆಲುವಾಗಿಸಿಕೊಂಡ ಅಂತರವೇ ಆ ನಾಲ್ಕು ಪಾಯಿಂಟ್. ಗೋಲು ಬಿಟ್ಟುಕೊಡದಂತೆ ಕಾಯುವುದಕ್ಕಿಂತ ಗೆಲ್ಲಲು ಹೊರಟದ್ದು ಫಲ ನೀಡಿತು. ಅದೇ ವರ್ಷ ಈಸ್ಟ್ ಬೆಂಗಾಲ್ ಎಎಫ್‌ಸಿ ಕಪ್ ಸೆಮಿಫೈನಲ್‌ವರೆಗೆ ಏಷ್ಯಾದ ಅಂಗಳದಲ್ಲಿ ಸೆಣಸಿ, ನಡುವೆ ತರಬೇತುದಾರರನ್ನೂ ಬದಲಿಸಿಕೊಂಡಿತ್ತು. ಇಡೀ ವರ್ಷ ಒಂದೇ ಕೈಯಲ್ಲಿದ್ದ ಬೆಂಗಳೂರಿಗೆ ಆ ಅನುಕೂಲವೂ ಒದಗಿತು.

ನಂತರದ ವರ್ಷಗಳು

ಮುಂದಿನ ಋತುವಿಗೆ ಕ್ಲಬ್ ತವರನ್ನು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬದಲಿಸಿತು. 2015ರ ಮೇ 31ರಂದು ಅಲ್ಲಿ ಪ್ರಶಸ್ತಿ ಉಳಿಸಿಕೊಳ್ಳಲು ಮೋಹನ್ ಬಾಗನ್ ವಿರುದ್ಧ ಗೆಲ್ಲಲೇಬೇಕಿತ್ತು. ಮುನ್ನಡೆಯಲ್ಲಿದ್ದ ತಂಡ ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟಿತು. 1–1ರ ಆ ಡ್ರಾ ಕಿರೀಟವನ್ನು ಕೋಲ್ಕತ್ತಕ್ಕೆ ಕಳುಹಿಸಿತು. 2015–16ರಲ್ಲಿ ಐ-ಲೀಗ್ ಮರಳಿ ಬೆಂಗಳೂರಿಗೆ ಬಂತು. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎನಿಸಿದರೂ ಇರಾಕ್‌ನ ವಾಯುಸೇನಾ ತಂಡಕ್ಕೆ 0–1ರಿಂದ ಮಣಿಯಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿ, 2019ರ ಮಾರ್ಚ್ 17ರಂದು ಗೋವಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 1–0ರಿಂದ ಮಣಿಸಿ ಆ ಪ್ರಶಸ್ತಿಯನ್ನೂ ಗೆದ್ದುಕೊಂಡಿತು. 2022ರಲ್ಲಿ ಡುರಾಂಡ್ ಕಪ್ ಒಲಿಯಿತು. ರಾಜ್ಯ ತಂಡವೂ 54 ವರ್ಷಗಳ ಕಾಯುವಿಕೆಯ ನಂತರ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿ ಹಿಡಿಯಿತು.

ಅಂಗಳದ ಹೊರಗಿನ ಸೋಲು

2013–14ರ ಋತು ಮುಗಿದಾಗ ಇನ್ನೊಂದು ಘಟನೆ ನಡೆಯಿತು. ಹಿಂದಿನ ವರ್ಷದ ಚಾಂಪಿಯನ್ ಚರ್ಚಿಲ್ ಬ್ರದರ್ಸ್, ಜೊತೆಗೆ ಕೋಲ್ಕತ್ತದ ಯುನೈಟೆಡ್ ಮತ್ತು ಶಿಲ್ಲಾಂಗ್‌ನ ರಂಗ್ದಾಜೀದ್ ಕ್ಲಬ್ ಪರವಾನಗಿಯ ಷರತ್ತುಗಳನ್ನು ಪೂರೈಸದ ಕಾರಣ ಲೀಗ್‌ನಿಂದ ಹೊರಬಿದ್ದವು. ಅಂಗಳದ ಸೋಲಿಗಿಂತ ಕಡತದ ಸೋಲು ಹೆಚ್ಚು ಬಾಧಿಸಿತು.

ಇದು ಭಾರತಕ್ಕಷ್ಟೇ ಸೀಮಿತವಾದ ಕಥೆಯಲ್ಲ. ಇಟಲಿಯ ವೆರೋನಾ ನಗರದ ಅಂಚಿನಲ್ಲಿರುವ ಕಿಯೆವೊ ಮಧುಗಿರಿ, ಶಿರಾ ಪಟ್ಟಣಗಳಿಗಿಂತ ಎಷ್ಟೋ ಚಿಕ್ಕ ಊರು. ಜನಸಂಖ್ಯೆ ಕೆಲವೇ ಸಾವಿರ. ಅದರ ಕ್ಲಬ್ ಒಂದೊಂದೇ ಹಂತ ಬಡ್ತಿ ಪಡೆದು 2001ರಲ್ಲಿ ಅಗ್ರ ಶ್ರೇಣಿಯಾದ ಸೀರಿ ‘ಎ’ ತಲುಪಿ, ಮೊದಲ ಋತುವಿನಲ್ಲೇ ಐದನೇ ಸ್ಥಾನ ಗಳಿಸಿತು. ಅದೇ ಕ್ಲಬ್ 2021ರಲ್ಲಿ ತೆರಿಗೆ ಬಾಕಿಯ ಕಾರಣ ವೃತ್ತಿಪರ ಲೀಗ್‌ನಿಂದ ಹೊರಗುಳಿಯಿತು.

ಬೆಂಗಳೂರಿಗೂ ಈ ಬಿಸಿ ತಟ್ಟದಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಐಎಸ್‌ಎಲ್ ಫೈನಲ್ ಆಡಿದ ತಂಡ ಆಗಸ್ಟ್‌ನಲ್ಲಿ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಿತು. ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದ ನವೀಕರಣವಾಗದೆ, ಮುಂದಿನ ಋತು ನಡೆಯುವುದೋ ಇಲ್ಲವೋ ಎಂಬುದೇ ಅನಿಶ್ಚಿತವಾಗಿದ್ದುದು ಇದಕ್ಕೆ ಕಾರಣ. 2025–26ರ ಲೀಗ್ ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಆರಂಭವಾಗಲಿಲ್ಲ. ಎಚ್‌ಎಎಲ್, ಐಟಿಐ ಆಟಗಾರನಿಗೆ ಗೆಲುವು ಕಡಿಮೆ ಇದ್ದರೂ ತಿಂಗಳ ಸಂಬಳದ ಭದ್ರತೆ ಇತ್ತು. ವೃತ್ತಿಪರ ಕ್ಲಬ್‌ನ ಆಟಗಾರನಿಗೆ ಋತುವೇ ಸಂಬಳ. ಲೀಗ್ ನಿಂತರೆ ಮನೆಯ ಒಲೆಗೂ ಸಂಕಟ.

ಜಿಲ್ಲೆಗಳ ಪಾಲು

ರಾಷ್ಟ್ರೀಯ ಲೀಗ್‌ಗಳಲ್ಲಿ ಹೆಸರು ಮಾಡಿದ ಕರ್ನಾಟಕದ ಕ್ಲಬ್‌ಗಳು ಬೆಂಗಳೂರಿನವೇ. ಕಲ್ಪತರು ನಾಡಿನ ಈ ನಾಲ್ಕು ತಾಲ್ಲೂಕುಗಳ ಬಾಲಕನಿಗೆ ಕಾಲ್ಚೆಂಡಿನ ಹಾದಿ ಇಂದಿಗೂ ಬೆಂಗಳೂರಿನ ಬಸ್ಸಿನಲ್ಲೇ ಆರಂಭವಾಗುತ್ತದೆ. ಅಲ್ಲಿ ಯಾವುದಾದರೊಂದು ಕ್ಲಬ್ ಸೇರಿ, ಕೆಳಗಿನ ಡಿವಿಷನ್‌ಗಳಿಂದ ಸೂಪರ್ ಡಿವಿಷನ್‌ವರೆಗೆ ಏರಬೇಕು. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಬಿಎಫ್‌ಸಿ ಆರಂಭಿಸಿದ ವಸತಿ ಸಹಿತ ಅಕಾಡೆಮಿ ರಾಜಧಾನಿಯ ಹೊರಗೆ ತೆರೆದ ಒಂದು ಬಾಗಿಲು.

ಒಂಬತ್ತು ತಿಂಗಳಲ್ಲಿ ಚಾಂಪಿಯನ್ ತಂಡ ಕಟ್ಟಬಹುದೆಂದು 2013–14ರ ಋತು ತೋರಿಸಿಕೊಟ್ಟಿತು. ಆದರೆ ಆ ತಂಡ ಆಡಲು ಪ್ರತಿ ವರ್ಷ ತಪ್ಪದೆ ನಡೆಯುವ ಲೀಗ್ ಬೇಕು, ಆ ಲೀಗ್‌ಗೆ ಜಿಲ್ಲೆಗಳಿಂದ ಆಟಗಾರರು ಬರಬೇಕು. ಈ ಎರಡು ಕೆಲಸಗಳು ಇನ್ನೂ ಬಾಕಿ ಇವೆ.