ಕಳ್ವಪ್ಪಿನ ಬಂಡೆ ಮತ್ತು ಲೋಕದ ತುದಿ

ಕಣ್ಣಿಗೆ ಕಾಣುವ ಲೋಕವನ್ನೂ ದೇಹದ ಎಲ್ಲೆಯನ್ನೂ ಮೀರಿದ ನೆಲೆಯೊಂದಿದೆ ಎಂಬ ತಿಳಿವಳಿಕೆ ಬಹುತೇಕ ಎಲ್ಲ ಧರ್ಮಗಳಲ್ಲೂ ಇದೆಯಾದರೂ, ಆ ನೆಲೆ ಯಾವುದು, ಅದನ್ನು ತಲುಪುವವರು ಯಾರು, ತಲುಪಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಬಂದಾಗ ಒಂದೊಂದು ದರ್ಶನವೂ ತನ್ನದೇ ದಾರಿ ಹಿಡಿಯುತ್ತದೆ. ತತ್ತ್ವಶಾಸ್ತ್ರ ಈ ನೆಲೆಯನ್ನು ‘ಅತೀತ’ ಎಂದು ಕರೆಯುತ್ತದೆ. ಅದ್ವೈತಕ್ಕೆ ಅದು ನಾಮರೂಪಗಳಿಗೆ ನಿಲುಕದ ಬ್ರಹ್ಮ. ಭಕ್ತಿಪಂಥಗಳಿಗೆ ಭಕ್ತನನ್ನು ಕೈಹಿಡಿದು ಮೇಲೆತ್ತುವ ದೈವ. ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನನ್ನು ಒಪ್ಪದ ಜೈನದರ್ಶನದಲ್ಲಿ ಮಾತ್ರ ಮೀರಬೇಕಾದದ್ದು ಜೀವ, ಮೀರುವುದೂ ಅದೇ ಜೀವ. ಮೇಲಿನಿಂದ ಚಾಚುವ ಕೈ ಅಲ್ಲಿಲ್ಲ. ‘ತೀರ್ಥ’ ಎಂದರೆ ಹೊಳೆಯನ್ನು ದಾಟುವ ಜಾಗ, ‘ತೀರ್ಥಂಕರ’ ಎಂದರೆ ಆ ಜಾಗವನ್ನು ತೋರಿಸಿಕೊಟ್ಟವನು. ಹೊಳೆಗೆ ಇಳಿಯಬೇಕಾದವರು ಅವರವರೇ. ಈ ದಾಟುವಿಕೆ ಗ್ರಂಥದ ಮಾತಾಗಿ ಉಳಿಯದೆ ನೆಲದ ಆಚರಣೆಯಾಗಿ, ಕಲ್ಲಿನ ಬರಹವಾಗಿ ನಿಂತ ಜಾಗಗಳಲ್ಲಿ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಮೊದಲ ಸ್ಥಾನ ಸಲ್ಲುತ್ತದೆ.

ಇಂದು ಚಂದ್ರಗಿರಿ ಎನ್ನಿಸಿಕೊಂಡಿರುವ ಈ ಬೆಟ್ಟವನ್ನು ಹಳೆಯ ಶಾಸನಗಳು ಸಂಸ್ಕೃತದಲ್ಲಿ ಕಟವಪ್ರ ಎಂದೂ ಕನ್ನಡದಲ್ಲಿ ಕಳ್ವಪ್ಪು ಅಥವಾ ಕಳ್ಬಪ್ಪು ಎಂದೂ ಹೆಸರಿಸುತ್ತವೆ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯಲ್ಲಿರುವ, ಸುಮಾರು ಕ್ರಿ.ಶ. 600ರ ಕಾಲದ್ದೆಂದು ವಿದ್ವಾಂಸರು ಎಣಿಸಿರುವ ಸಂಸ್ಕೃತ ಶಾಸನವು, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ಜೈನಮುನಿ ಭದ್ರಬಾಹು ಮುಂಗಂಡು ನುಡಿದುದನ್ನೂ, ಮುನಿಸಂಘವು ಉತ್ತರದಿಂದ ದಕ್ಷಿಣಕ್ಕೆ ನಡೆದು ಬಂದುದನ್ನೂ, ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಅಂತ್ಯಕಾಲ ಸಮೀಪಿಸಿದ್ದನ್ನು ಅರಿತು ಸಂಘವನ್ನು ಮುಂದಕ್ಕೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಈ ಬೆಟ್ಟದಲ್ಲಿ ಉಳಿದು ದೇಹ ಬಿಟ್ಟುದನ್ನೂ ಹೇಳಿ, ಆ ಬಳಿಕ ಏಳುನೂರು ಋಷಿಗಳು ಅದೇ ದಾರಿ ಹಿಡಿದರೆಂದು ಮುಗಿಯುತ್ತದೆ. ಈ ಪ್ರಭಾಚಂದ್ರನೇ ಮೌರ್ಯ ಚಂದ್ರಗುಪ್ತನೆಂಬುದು ಪರಂಪರೆಯ ನಂಬಿಕೆ. ಇತಿಹಾಸಕಾರರಲ್ಲಿ ಈ ಕುರಿತು ಒಮ್ಮತ ಮೂಡಿಲ್ಲ. ಆದರೆ ಏಳನೆಯ ಶತಮಾನದ ಹೊತ್ತಿಗಾಗಲೇ ಈ ಬೆಟ್ಟ ಬದುಕನ್ನು ವ್ರತದಿಂದ ಮುಗಿಸುವ ಜಾಗವೆಂದು ಹೆಸರು ಪಡೆದಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ವ್ರತದ ಹೆಸರು ಸಲ್ಲೇಖನ. ‘ಸತ್’ ಎಂದರೆ ಸರಿಯಾಗಿ, ‘ಲೇಖನ’ ಎಂದರೆ ತೆಳುವಾಗಿಸುವುದು. ಆಹಾರವನ್ನು ಹಂತಹಂತವಾಗಿ ಬಿಟ್ಟು ದೇಹವನ್ನೂ, ಅದರೊಂದಿಗೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನೂ, ಅಂದರೆ ಜೀವಕ್ಕೆ ಕರ್ಮವನ್ನು ಅಂಟಿಸುವ ಮನೋವಿಕಾರಗಳನ್ನೂ ಸವೆಸುವುದು ಇದರ ಅರ್ಥ. ಪರಿಹಾರವಿಲ್ಲದ ವಿಪತ್ತು, ಕ್ಷಾಮ, ಮುಪ್ಪು, ರೋಗಗಳು ಎದುರಾದಾಗ ಮಾತ್ರ ಇದಕ್ಕೆ ಅವಕಾಶವೆಂದು ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಕಟ್ಟುಪಾಡು ಹಾಕಿದೆ. ಈ ವ್ರತಕ್ಕೆ ಅಂಟಬಹುದಾದ ಐದು ದೋಷಗಳನ್ನು ಶಾಸ್ತ್ರಗಳು ಎಣಿಸಿವೆ. ಇನ್ನಷ್ಟು ಬದುಕಬೇಕೆಂಬ ಆಸೆ ಅವುಗಳಲ್ಲಿ ಒಂದಾದರೆ, ಬೇಗ ಸಾಯಬೇಕೆಂಬ ಆಸೆ ಇನ್ನೊಂದು; ವ್ರತದ ಫಲವಾಗಿ ಮುಂದಿನ ಜನ್ಮದಲ್ಲಿ ಇಂಥದ್ದು ದೊರೆಯಲಿ ಎಂದು ಮನಸ್ಸಿನಲ್ಲೇ ಕೋರಿಕೊಳ್ಳುವುದೂ ದೋಷವೇ. ಸಾವನ್ನು ಬಯಸಿದವನು ವ್ರತ ಕೆಡಿಸಿಕೊಂಡಂತೆಯೇ ಎಂಬ ಈ ಒಂದು ಮಾತನ್ನು ಅರಿಯದೆ ಸಲ್ಲೇಖನವನ್ನು ಕುರಿತು ಹೊರಡಿಸುವ ಯಾವ ತೀರ್ಮಾನವೂ ಅರೆಬರೆಯದಾಗುತ್ತದೆ.

ವ್ರತವನ್ನು ಒಬ್ಬೊಬ್ಬರೇ ಹಿಡಿದರೂ ಅದು ಒಂಟಿತನದಲ್ಲಿ ನಡೆಯುತ್ತಿರಲಿಲ್ಲ. ಶಿವಾರ್ಯರ ‘ಭಗವತೀ ಆರಾಧನೆ’, ಅಂದರೆ ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಿಗೆ ಆಧಾರವಾದ ಪ್ರಾಕೃತ ಗ್ರಂಥ, ವ್ರತಿಯ ಸುತ್ತ ನಲವತ್ತೆಂಟು ಮಂದಿ ನಿರ್ಯಾಪಕರು, ಅಂದರೆ ಆ ತೀರಕ್ಕೆ ಸಾಗಿಸಲು ನೆರವಾಗುವ ಮುನಿಗಳು ಇರಬೇಕೆನ್ನುತ್ತದೆ. ಮಗ್ಗುಲು ಹೊರಳಿಸುವವರು, ಧರ್ಮಕಥೆ ಹೇಳುವವರು, ಬಾಗಿಲು ಕಾಯುವವರು ಎಂದು ಅವರಿಗೆ ಕೆಲಸ ಹಂಚಿ, ಅಷ್ಟು ಜನ ಸಿಗದಿದ್ದರೆ ಕೊನೆಗೆ ಇಬ್ಬರಾದರೂ ಇರಲೇಬೇಕೆಂದು ಅದು ವಿಧಿಸುತ್ತದೆ. ದೈವದ ನೆರವನ್ನು ಒಪ್ಪದ ದರ್ಶನವೊಂದು ಮನುಷ್ಯರ ನೆರವಿಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟಿರುವುದು ಗಮನಿಸಬೇಕಾದ ಸಂಗತಿ.

ಹೀಗೆ ಮುಗಿದ ಬದುಕುಗಳ ಗುರುತೇ ನಿಸಿದಿ ಅಥವಾ ನಿಷಿಧಿ. ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಇದಕ್ಕೆ ಬೇರೆ ಕಲ್ಲನ್ನೇನೂ ನಿಲ್ಲಿಸುತ್ತಿರಲಿಲ್ಲ. ಬೆಟ್ಟದ ಬರಿಯ ಬಂಡೆಯ ಮೇಲೇ ನಾಲ್ಕಾರು ಸಾಲು ಕೊರೆದು ಮುಗಿಸುತ್ತಿದ್ದರು. ಅಂಥದೊಂದು ಬರಹ, ಅದೆಯರೆನಾಡಿನ ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ನೋಂತು ಮುಡಿಪಿದರೆಂದು ಹೇಳಿ ನಿಲ್ಲುತ್ತದೆ. ‘ಗಂತಿ’ ಎಂದರೆ ಜೈನ ಸನ್ಯಾಸಿನಿ, ‘ನೋನ್’ ಎಂದರೆ ವ್ರತ ಹಿಡಿಯುವುದು. ‘ಮುಡಿಪು’ ಎಂಬ ಕ್ರಿಯಾಪದಕ್ಕೆ ಮುಗಿಸು, ಪೂರೈಸು ಎಂಬ ಅರ್ಥವಿದ್ದು, ಇಂದು ಅದೇ ಮಾತು ದೇವರಿಗೆಂದು ತೆಗೆದಿರಿಸಿದ ಕಾಣಿಕೆಯನ್ನು ಸೂಚಿಸುತ್ತದೆ. ಸತ್ತರು ಎನ್ನದೆ ಪೂರೈಸಿದರು ಎನ್ನುವ ಈ ಕನ್ನಡದಲ್ಲಿ ಶೋಕವೂ ಇಲ್ಲ, ಆಡಂಬರವೂ ಇಲ್ಲ; ಊರು, ಗುರು, ಹೆಸರು, ಅವಧಿ ಇಷ್ಟೇ ಇವೆ. ಇವುಗಳ ನಡುವೆ ನಂದಿಸೇನ ಮುನಿಯ ಶಾಸನ ಮಾತ್ರ ಕಾವ್ಯದ ಎತ್ತರಕ್ಕೆ ಏರುತ್ತದೆ: ರೂಪ, ಸಂಪತ್ತು, ವೈಭವಗಳು ಮಳೆಬಿಲ್ಲು, ಮಿಂಚು, ಮಂಜುಗಳಂತೆ ನಿಲ್ಲದೆ ಕರಗುವುದನ್ನು ಕಂಡು ಆತ ಸನ್ಯಸನವನ್ನು ಕೈಕೊಂಡನೆಂಬ ಈ ಪದ್ಯ ಕನ್ನಡ ಕಾವ್ಯದ ಅತ್ಯಂತ ಹಳೆಯ ಮಾದರಿಗಳಲ್ಲಿ ಒಂದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇವರೆಲ್ಲ ತಲುಪಿದ್ದು ಎಲ್ಲಿಗೆ? ಜೈನ ಲೋಕವಿಚಾರದ ಪ್ರಕಾರ ಬಿಡುಗಡೆ ಹೊಂದಿದ ಜೀವವು ಲೋಕಾಗ್ರಕ್ಕೆ, ಅಂದರೆ ಲೋಕದ ತುತ್ತತುದಿಗೆ ಏರಿ, ಸಿದ್ಧಶಿಲೆಯ ಮೇಲ್ಗಡೆ ನೆಲೆಗೊಳ್ಳುತ್ತದೆ. ಮಣ್ಣು ಮೆತ್ತಿದ ಸೋರೆಬುರುಡೆ ನೀರಿನ ತಳದಲ್ಲಿ ಕುಳಿತಿದ್ದು, ಮಣ್ಣು ಕರಗುತ್ತಲೇ ತಾನಾಗಿ ಮೇಲೇಳುವಂತೆ ಕರ್ಮ ಕಳಚಿದ ಜೀವವೂ ಮೇಲಕ್ಕೆ ಸಾಗುತ್ತದೆ ಎಂಬುದು ಶಾಸ್ತ್ರಕಾರರು ಕೊಡುವ ಹೋಲಿಕೆ. ಆದರೆ ಅದರಾಚೆಗಿನ ಅಲೋಕಾಕಾಶದಲ್ಲಿ ಚಲನೆಗೆ ಆಧಾರವಾದ ಧರ್ಮದ್ರವ್ಯ ಇಲ್ಲದಿರುವುದರಿಂದ ಜೀವ ಆ ತುದಿಯಲ್ಲೇ ನಿಲ್ಲುತ್ತದೆ. ಅತೀತವಾದದ್ದಕ್ಕೂ ಒಂದು ಜಾಗ, ಒಂದು ಎಲ್ಲೆ ಗೊತ್ತುಮಾಡಿದ ಈ ವಿಚಾರ ಇತರ ದರ್ಶನಗಳಲ್ಲಿ ಕಾಣಸಿಗುವುದು ಅಪರೂಪ. ಅಲ್ಲಿಗೇರುವ ಹದಿನಾಲ್ಕು ಗುಣಸ್ಥಾನಗಳ, ಅಂದರೆ ಆತ್ಮವಿಕಾಸದ ಮೆಟ್ಟಿಲುಗಳ ಪೈಕಿ ಕೊನೆಯದರಲ್ಲಿ ಜೀವ ನಿಲ್ಲುವ ಸಮಯ ಐದು ಹ್ರಸ್ವಾಕ್ಷರಗಳನ್ನು ಉಚ್ಚರಿಸುವಷ್ಟು ಮಾತ್ರ.

ಹಾಗಿದ್ದರೂ ಬೆಟ್ಟದ ಬರಹಗಳಲ್ಲಿ ಬಹುಪಾಲು ತಮ್ಮವರು ಮೋಕ್ಷ ಪಡೆದರೆಂದು ಹೇಳುವುದಿಲ್ಲ. ಸ್ವರ್ಗ, ಸುರಲೋಕ, ಸಮಾಧಿ ಎಂದಷ್ಟೇ ಹೇಳುತ್ತವೆ. ಈಗ ನಡೆಯುತ್ತಿರುವುದು 21,000 ವರ್ಷಗಳ ಪಂಚಮಕಾಲ, ಅಂದರೆ ಕಾಲಚಕ್ರದ ಐದನೆಯ ಘಟ್ಟ, ಮಹಾವೀರರ ನಂತರ ಜಂಬೂಸ್ವಾಮಿಯೊಂದಿಗೆ ಈ ಭರತಕ್ಷೇತ್ರದಿಂದ ನೇರವಾಗಿ ಮೋಕ್ಷಕ್ಕೆ ಹೋಗುವ ದಾರಿ ಮುಚ್ಚಿತು ಎಂಬುದು ಜೈನರ ನಂಬಿಕೆ. ತಿಂಗಳುಗಟ್ಟಲೆ ಅನ್ನ ಬಿಟ್ಟವರಿಗೆ ತಾವು ಕೊನೆಯ ನೆಲೆ ಮುಟ್ಟುವುದಿಲ್ಲವೆಂಬುದು ಗೊತ್ತಿತ್ತು. ದೇವಲೋಕದ ಆಯುಸ್ಸು ತೀರಿದ ಮೇಲೆ ಮತ್ತೆ ಹುಟ್ಟಿ, ಮತ್ತೆ ನಡೆಯಬೇಕಾದ ದಾರಿಯ ಒಂದು ಹೆಜ್ಜೆಗಾಗಿ ಅವರು ಅಷ್ಟನ್ನೂ ಮಾಡಿದರು. ಅವರ ನೆನಪಿಗೆ ಕಲ್ಲು ಕೊರೆಸಿದವರೂ ಪ್ರೀತಿಯ ಭರದಲ್ಲಿ ಸಿದ್ಧಾಂತವನ್ನು ಮೀರಿ ಹೆಚ್ಚಿನದನ್ನು ಹೇಳಲಿಲ್ಲ. ಈ ಸಂಯಮವೇ ಕಳ್ವಪ್ಪಿನ ಶಾಸನಗಳ ನಿಜವಾದ ಹಿರಿಮೆ.

ಹತ್ತನೆಯ ಶತಮಾನದಿಂದ ಈ ವ್ರತ ಮುನಿಗಳಾಚೆಗೆ ಅರಸುಮನೆತನಗಳಿಗೂ ಹಬ್ಬಿತು. ಗಂಗರ ಇಮ್ಮಡಿ ಮಾರಸಿಂಹ ರಾಜ್ಯ ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಮುಡಿಪಿದುದನ್ನು ಚಂದ್ರಗಿರಿಯ ಕೂಗೆಬ್ರಹ್ಮದೇವರ ಕಂಬ ಹೇಳುತ್ತದೆ. ಆತ ಪಟ್ಟಕ್ಕೇರಿಸಲು ಹೆಣಗಿದ ಸೋದರಳಿಯ, ರಾಷ್ಟ್ರಕೂಟ ನಾಲ್ವಡಿ ಇಂದ್ರ, 982ರಲ್ಲಿ ಇದೇ ಬೆಳಗೊಳದಲ್ಲಿ ದೇಹ ಬಿಟ್ಟನು. ಆತನ ಶಾಸನವು ಆತನ ಚೆಂಡಾಟದ ಚಾತುರ್ಯವನ್ನು ಮನಸಾರೆ ಹೊಗಳುತ್ತದೆ. 1131ರಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳು. ಗಂಡ ಮಾರಸಿಂಗಯ್ಯ ಶೈವನಾಗಿದ್ದ ಆ ಮನೆಯಲ್ಲಿ ಈ ತಾಯಿ ಜಿನಭಕ್ತೆಯಾಗಿದ್ದಳು.

ಇಷ್ಟು ಹೊತ್ತಿಗೆ ನಿಸಿದಿಯೂ ಕೆತ್ತನೆಯ ಕಲ್ಲಾಗಿ ಬೆಳೆದಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಗುರು ಮತ್ತು ವ್ರತಿ ಎದುರುಬದುರಾಗಿ ಕುಳಿತಿರುತ್ತಾರೆ. ನಡುವೆ ಗ್ರಂಥವಿಡುವ ಠವಣೆಕೋಲು. ಮೇಲಿನ ಪಟ್ಟಿಕೆಯಲ್ಲಿ ಪದ್ಮಾಸನದ ಜಿನಬಿಂಬ. ವೀರಗಲ್ಲಿನಲ್ಲೂ ಹೀಗೆಯೇ ಕೆಳಗೆ ಕಾಳಗ, ಮೇಲೆ ದೈವ ಇರುತ್ತವಾದರೂ ಅಲ್ಲಿ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗಿ ಶಿವನ ಸನ್ನಿಧಿಗೆ ಸೇರಿಸುತ್ತಾರೆ. ನಿಸಿದಿಯ ಜಿನನು ಯಾರನ್ನೂ ಬರಮಾಡಿಕೊಳ್ಳುವುದಿಲ್ಲ. ಮುಂಚೆಯೇ ದಾಟಿ ಹೋದವನೆಂಬ ಕಾರಣಕ್ಕೆ ಆತ ಅಲ್ಲಿದ್ದಾನೆ.

ಈ ಆಚರಣೆ ಹಳೆಯ ಕಾಲಕ್ಕೇ ಮುಗಿದುಹೋಗಿಲ್ಲ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ವ್ರತಿಯ ಮೇಲೆ ಮನೆಯವರ ಅಥವಾ ಸಮುದಾಯದ ಒತ್ತಾಯ ಇರಬಹುದೆಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ವ್ರತ ಪೂರೈಸಿದವರಿಗೆ ಕಲ್ಲುಗಳಿವೆಯೇ ಹೊರತು ನಡುವೆ ಬಿಟ್ಟವರ ಮಾತನ್ನು ಯಾವ ಕಲ್ಲೂ ಹೇಳುವುದಿಲ್ಲ.

ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅವುಗಳನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕೃತ ಸಂಪುಟದಲ್ಲಿ 573 ಇವೆ. ಇತಿಹಾಸಕಾರ ಷ. ಶೆಟ್ಟರ್ ಈ ಸಾವುಗಳ ಇತಿಹಾಸವನ್ನೇ ಆಳವಾಗಿ ಅಧ್ಯಯನ ಮಾಡಿದರು. ಇಷ್ಟಾದರೂ ಗೊಮ್ಮಟನನ್ನು ಕಾಣಲು ದೊಡ್ಡಬೆಟ್ಟ ಹತ್ತುವವರಲ್ಲಿ ಅನೇಕರು ಎದುರಿನ ಚಿಕ್ಕಬೆಟ್ಟಕ್ಕೆ ಬರುವುದಿಲ್ಲ. ಬಂದವರು ಪಾರ್ಶ್ವನಾಥ ಬಸದಿಯ ಬಳಿ ಒಂದು ಕ್ಷಣ ತಲೆ ತಗ್ಗಿಸಿ ನೆಲವನ್ನು ನೋಡಬೇಕು, ಕಾಲಿಡುವ ಮುನ್ನ ಅಕ್ಷರಗಳಿವೆಯೇ ಎಂದು ಗಮನಿಸಬೇಕು.